ಹುಬ್ಬಳ್ಳಿ-ಧಾರವಾಡದಿಂದ ಕಡಲ ದಂಡೆಗೆ ಎರಡು ದಿನ: ಯೋಜನೆಯನ್ನು ಮರಳುವ ಹೊತ್ತಿನಿಂದ ಶುರು ಮಾಡಿ

ಶನಿವಾರ ಹೋಗಿ ರವಿವಾರ ಬರುವ ಕಡಲ ಪ್ರವಾಸ ನಮ್ಮ ಕಡೆಯವರಿಗೆ ಹೊಸದೇನಲ್ಲ. ಆದರೂ ಸೋಮವಾರ ಆಫೀಸಿನಲ್ಲಿ, ಓಣಿಯ ಕಟ್ಟೆಯ ಮೇಲೆ ಕೇಳಿಬರುವ ಮಾತು ಪ್ರತಿ ಸಲ ಒಂದೇ: “ಎರಡು ದಿನ ಕಾರಿನ್ಯಾಗ ಕುಂತದ್ದ ಆತ್ರೀ, ಸಮುದ್ರ ನೋಡಿದ್ದು ಅರ್ಧಾ ತಾಸು.” ಇನ್ನು ಕೆಲವರು ರಾತ್ರಿ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದ ಕತೆ ಹೇಳುತ್ತಾರೆ, ಕೆಲವರು ಮರಳಿನಲ್ಲಿ ಹೂತ ಕಾರಿನ ಫೋಟೋ ತೋರಿಸುತ್ತಾರೆ.

ಎಲ್ಲರೂ ಎಡವುವ ಜಾಗ ಒಂದೇ. ಮೊದಲು ರೂಮ್ ಬುಕ್ ಮಾಡುತ್ತಾರೆ, ಆಮೇಲೆ ನೋಡಬೇಕಾದ ಜಾಗಗಳ ಪಟ್ಟಿ ಬರೆಯುತ್ತಾರೆ, ದಾರಿಯ ವಿಚಾರ ಬರುವುದು ಕೊನೆಗೆ. ಬಯಲುಸೀಮೆಯಿಂದ ಕಡಲಿಗೆ ಹೋಗುವವರಿಗೆ ಈ ಕ್ರಮ ಕೆಲಸಕ್ಕೆ ಬರುವುದಿಲ್ಲ. ನಮಗೂ ಸಮುದ್ರಕ್ಕೂ ನಡುವೆ ಘಟ್ಟವಿದೆ. ಅದನ್ನು ಎರಡು ಸಲ ಹಗಲಿನಲ್ಲೇ ದಾಟಬೇಕು. ಆ ಎರಡು ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಕೂಡುತ್ತದೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ.

1. ಮೊದಲು ತಿಂಗಳು, ಆಮೇಲೆ ತಾರೀಖು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ಮಾರ್ಚ್‌ನಿಂದ ಸೆಕೆ ಏರುತ್ತದೆ. ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಗೆ ಆ ಜಿಗುಟು ಸೆಕೆ ಬೇಗ ಸುಸ್ತು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ ಸಲ ಹೋಗುವವರು, ಸಣ್ಣ ಮಕ್ಕಳಿರುವವರು ಹೋಗಲೇಬೇಡಿ ಎಂದೇ ನನ್ನ ಸಲಹೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲಿನ ಮಕ್ಕಳೇ ದಡಕ್ಕೆ ಬೋಟು ಕಟ್ಟುವ ದಿನಗಳಲ್ಲಿ ನಾವು ಅಲ್ಲಿ ನೀರಾಟಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ತಾರೀಖು ಹಿಡಿಯುವಾಗ ಡಿಸೆಂಬರ್ ಕೊನೆಯ ವಾರವನ್ನೂ, ಸಾಲು ರಜೆಗಳನ್ನೂ ಬಿಡಿ. ಗೋಕರ್ಣದ ಕಡೆ ಹೋಗುವುದಾದರೆ ಮಹಾಶಿವರಾತ್ರಿಯ ಆಸುಪಾಸಿನ ದಿನಗಳಲ್ಲಿ ತೇರಿನ ಜನಜಂಗುಳಿ ಇರುತ್ತದೆ. ದರ್ಶನಕ್ಕೇ ಹೋಗುವವರ ಮಾತು ಬೇರೆ.

2. ಮರಳುವ ಹೊತ್ತನ್ನು ಹಾಳೆಯ ಮೇಲೆ ಬರೆಯಿರಿ

ಇಡೀ ಯೋಜನೆಯ ಬುಡ ಇದು. ಒಂದು ಹಾಳೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯುತ್ತ ಹೋಗಿ.

ಡಿಸೆಂಬರಿನಲ್ಲಿ ಸಂಜೆ 6 ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಕತ್ತಲೆ ಇನ್ನೂ ಬೇಗ. ಹಾಗಾಗಿ ರವಿವಾರ ಸಂಜೆ 5:30ಕ್ಕೆ ನೀವು ಘಟ್ಟ ಹತ್ತಿ ಯಲ್ಲಾಪುರದಲ್ಲಿ ಇರಬೇಕು. ಅಂಕೋಲಾದಿಂದ ಯಲ್ಲಾಪುರಕ್ಕೆ ಸುಮಾರು 70 ಕಿ.ಮೀ. ಲಾರಿಗಳ ಹಿಂದೆ ಹತ್ತುವಾಗ ಎರಡು ತಾಸು ಹಿಡಿಯಿರಿ, ಅರ್ಧ ತಾಸು ಕೈಯಲ್ಲಿ ಉಳಿಸಿಕೊಳ್ಳಿ. ಅಂದರೆ ಅಂಕೋಲಾ ಬಿಡುವುದು ಮಧ್ಯಾಹ್ನ 3ಕ್ಕೆ. ಹೊನ್ನಾವರದಲ್ಲಿ ಉಳಿದಿದ್ದರೆ ಅಲ್ಲಿಂದ 1:30ಕ್ಕೆ ಹೊರಡಬೇಕು. ಊಟ 12:30ಕ್ಕೆ, ರೂಮ್ ಖಾಲಿ ಮಾಡುವುದು 11ಕ್ಕೆ.

ಈ ಲೆಕ್ಕ ಬರೆದ ಕೂಡಲೇ ಒಂದು ಸತ್ಯ ಗೊತ್ತಾಗುತ್ತದೆ: ಎರಡು ದಿನದ ಪ್ರವಾಸದಲ್ಲಿ ನಿಮಗೆ ಸಿಗುವುದು ಒಂದೇ ಸೂರ್ಯಾಸ್ತ, ಅದೂ ಶನಿವಾರದ್ದು. “ಇನ್ನೊಂದು ಸಲ ಸೂರ್ಯ ಮುಳುಗೂದು ನೋಡಿ ಹೋಗೋಣ” ಎಂದು ರವಿವಾರ ದಂಡೆಯಲ್ಲಿ ಕೂತವರೇ ರಾತ್ರಿ 9ಕ್ಕೆ ಘಟ್ಟದಲ್ಲಿ ನಿದ್ದೆಗಣ್ಣಿನಲ್ಲಿ ಗಾಡಿ ಹೊಡೆಯುವವರು. ಎರಡು ಸೂರ್ಯಾಸ್ತ ಬೇಕೆಂದರೆ ಒಂದು ದಿನ ರಜೆ ಹೆಚ್ಚು ಹಾಕಿ.

ಹಾವೇರಿಯವರು ಶಿರಸಿ ಮೇಲಿಂದ ಬರುವುದಾದರೆ ಇದೇ ಲೆಕ್ಕವನ್ನು ಕುಮಟಾದಿಂದ ಹಾಕಿ. ಕುಮಟಾ-ಶಿರಸಿ ಸುಮಾರು 60 ಕಿ.ಮೀ. ಅದಕ್ಕೂ ಎರಡು ತಾಸು ಬೇಕು, ಕುಮಟಾ ಬಿಡುವುದು 3ಕ್ಕೆ. ಗದಗಿನವರಿಗೆ ಹುಬ್ಬಳ್ಳಿಯಿಂದ ಆಚೆ ಇನ್ನೂ ಸುಮಾರು 60 ಕಿ.ಮೀ. ಇದ್ದರೂ ಅಣ್ಣಿಗೇರಿ ದಾರಿ ನೆಟ್ಟಗಿದೆ, ರಾತ್ರಿ ಹೋಗಬಹುದು. ಘಟ್ಟವನ್ನಷ್ಟೇ ಬೆಳಕಿನಲ್ಲಿ ಮುಗಿಸಿ.

3. ಘಟ್ಟ ಆರಿಸುವುದು

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ: ಇದು ರಾಷ್ಟ್ರೀಯ ಹೆದ್ದಾರಿ 52, ಹಳಬರ ಬಾಯಲ್ಲಿ 63. ಒಟ್ಟು ಸುಮಾರು 140 ಕಿ.ಮೀ., ಮೂರರಿಂದ ಮೂರೂವರೆ ತಾಸು. ಧಾರವಾಡದವರು ಹುಬ್ಬಳ್ಳಿಗೆ ಬರದೆ ನೇರ ಕಲಘಟಗಿಗೆ ಹೋಗಿ ಇದೇ ದಾರಿ ಸೇರಬಹುದು. ಹಾವೇರಿಯವರಿಗೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು ಹತ್ತಿರ. ಆದರೆ ಈ ರಸ್ತೆಯಲ್ಲಿ ವಿಸ್ತರಣೆ ಕಾಮಗಾರಿ ವರ್ಷಗಟ್ಟಲೆ ನಡೆದಿದ್ದು, ನಡುನಡುವೆ ಸಂಚಾರ ನಿಲ್ಲಿಸಿದ್ದೂ ಇದೆ. ಹೊರಡುವ ಹಿಂದಿನ ದಿನ ಉತ್ತರ ಕನ್ನಡ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಇಲ್ಲವೆ ಉಳಿಯುವ ಮನೆಯವರಿಗೆ ಫೋನ್ ಮಾಡಿ “ದೇವಿಮನೆ ಬಿಟ್ಟಿದ್ದಾರಾ?” ಎಂದು ಕೇಳಿ. ಕಾರವಾರದ ಕಡೆಗೆ ಜೊಯಿಡಾ ಮೇಲಿಂದ ಅಣಶಿ ಘಟ್ಟದ ದಾರಿಯೂ ಇದೆ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಜನವಸತಿ ಕಡಿಮೆ. ಹಗಲಿನಲ್ಲಿ, ಒಳ್ಳೆಯ ಗಾಡಿ ಇದ್ದವರಿಗೆ ಮಾತ್ರ.

ಎರಡು ತಪ್ಪುಗಳು ಇಲ್ಲಿ ಮೇಲಿಂದ ಮೇಲೆ ಆಗುತ್ತವೆ. ಒಂದು, ಮೊಬೈಲಿನ ನಕ್ಷೆ ತೋರಿಸಿದ “ಹತ್ತಿರದ ದಾರಿ” ಹಿಡಿಯುವುದು. ಯಾಣದ ಆಸುಪಾಸಿನ ವಡ್ಡಿ ಘಟ್ಟದಂಥ ಕಿರಿದಾದ ಕಾಡುದಾರಿಯನ್ನೂ ನಕ್ಷೆ ಹೆದ್ದಾರಿಯ ಹಾಗೆಯೇ ಗೆರೆ ಎಳೆದು ತೋರಿಸುತ್ತದೆ. ಊರಿನ ಹೆಸರುಗಳನ್ನು ಅನುಕ್ರಮವಾಗಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಕಲಘಟಗಿ, ಯಲ್ಲಾಪುರ, ಇಡಗುಂದಿ, ಗುಳ್ಳಾಪುರ, ರಾಮನಗುಳಿ, ಸುಂಕಸಾಳ, ಅಂಕೋಲಾ. ಬೋರ್ಡಿನಲ್ಲಿ ಈ ಹೆಸರುಗಳು ಕಾಣದಿದ್ದರೆ ನಿಂತು ಕೇಳಿ. ಘಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ.

ಇನ್ನೊಂದು, ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹೊರಡುವುದು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಇದೇ ಅರಬೈಲ್ ಘಟ್ಟದ ದಾರಿಯಲ್ಲಿ ಕಂದಕಕ್ಕೆ ಉರುಳಿ 10 ಜನ ತೀರಿಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡುವಾಗ ಹೀಗಾಯಿತು ಎಂದು ಆಗ ಪೊಲೀಸರು ಹೇಳಿದ್ದರು. ಅವರಿಗೆ ಹೊಟ್ಟೆಪಾಡು, ಆ ಹೊತ್ತಿಗೆ ಹೋಗಲೇಬೇಕಿತ್ತು. ತಿರುಗಾಡಲು ಹೋಗುವ ನಮಗೆ ಕತ್ತಲೆಯಲ್ಲಿ ಘಟ್ಟ ಇಳಿಯುವ ಯಾವ ಅನಿವಾರ್ಯವೂ ಇಲ್ಲ. ಹುಬ್ಬಳ್ಳಿಯಿಂದ ನಸುಕಿನ 5:30ಕ್ಕೆ ಹೊರಡಿ. ಯಲ್ಲಾಪುರಕ್ಕೆ 7:15ರ ಸುಮಾರಿಗೆ ತಲುಪುತ್ತೀರಿ, ಚಹಾ ಕುಡಿದು ಘಟ್ಟ ಇಳಿಯುವಾಗ ಚೆನ್ನಾಗಿ ಬೆಳಕು ಹರಿದಿರುತ್ತದೆ.

4. ದಂಡೆಯ ಒಂದೇ ತುಂಡು ಆರಿಸಿ

ಗೋಕರ್ಣ, ಮುರ್ಡೇಶ್ವರ, ಕಾರವಾರ, ಜೊತೆಗೆ ಬರುವಾಗ ಜೋಗ: ಇಂಥ ಪಟ್ಟಿ ಕಂಡರೆ ಅದನ್ನು ಹರಿದು ಹಾಕಿ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66 ಕಡಲಿನ ಪಕ್ಕಕ್ಕೇ ಹೋಗುತ್ತದಾದರೂ ನಿಜವಾಗಿ ಪ್ರಶಾಂತವಾಗಿರುವ ದಂಡೆಗಳು ಹೆದ್ದಾರಿಯಿಂದ ಒಳಗಿವೆ. ಪ್ರತಿಯೊಂದಕ್ಕೂ ಒಳಗೆ ಹೋಗಿ ಮರಳಿ ಹೆದ್ದಾರಿಗೆ ಬರಬೇಕು, ನಡುವೆ ನದಿ ಸಮುದ್ರ ಸೇರುವ ಅಳಿವೆಗಳು ಅಡ್ಡ ಬರುತ್ತವೆ. ನಕ್ಷೆಯಲ್ಲಿ ಬೆರಳಗಲ ಕಾಣುವ ದೂರಕ್ಕೆ ಒಂದು ತಾಸು ಹೋಗುತ್ತದೆ.

ಶನಿವಾರದಿಂದ ರವಿವಾರ ಮಧ್ಯಾಹ್ನದವರೆಗೆ ದಂಡೆಯ ಉದ್ದಕ್ಕೂ ಒಟ್ಟು 60 ಕಿ.ಮೀ. ದಾಟಬಾರದು ಎಂಬ ಮಿತಿ ಹಾಕಿಕೊಳ್ಳಿ. ಆ ಮಿತಿಯೊಳಗೆ ಮೂರು ಆಯ್ಕೆಗಳಿವೆ.

ಅಂಕೋಲಾದ ಸುತ್ತ: ನದಿಬಾಗ, ಕೇಣಿ, ಬೇಲೇಕೇರಿ, ಹಾರವಾಡ. ಘಟ್ಟ ಇಳಿದ ಕೂಡಲೇ ಸಿಗುವ ದಂಡೆಗಳು, ಮರಳುವಾಗಲೂ ಘಟ್ಟಕ್ಕೆ ಹತ್ತಿರ. ಮೊದಲ ಸಲ ಹೋಗುವ ಹುಬ್ಬಳ್ಳಿ-ಧಾರವಾಡದ ಕುಟುಂಬಕ್ಕೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿಂದ ಕಾರವಾರದ ಕಡೆ ಹೊರಳಿದರೆ ಅರ್ಗಾದ ಹತ್ತಿರ ನೌಕಾನೆಲೆ ಇದೆ. ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ.

ಗೋಕರ್ಣ: ಓಂ, ಕುಡ್ಲೆ ದಂಡೆಗಳಲ್ಲಿ ಜನ ತುಂಬಿರುತ್ತಾರೆ. ಹಾಫ್ ಮೂನ್, ಪ್ಯಾರಡೈಸ್ ದಂಡೆಗಳಿಗೆ ಕಾರು ಹೋಗುವುದಿಲ್ಲ. ಗುಡ್ಡದ ಕಾಲುದಾರಿ ಇಲ್ಲವೆ ದೋಣಿ. ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಯೋಚಿಸಿ.

ಕುಮಟಾದಿಂದ ಹೊನ್ನಾವರ: ಬಾಡ, ಕಾಗಾಲ, ವನ್ನಳ್ಳಿ, ಧಾರೇಶ್ವರ, ಅಪ್ಸರಕೊಂಡ, ಕಾಸರಕೋಡ. ಹಾವೇರಿಯಿಂದ ಬರುವವರಿಗೂ, ಜನರ ಗದ್ದಲ ಬೇಡವೆನ್ನುವವರಿಗೂ ಇದು ಸರಿ. ಕಾಸರಕೋಡದ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಸಿಕ್ಕಿದೆ. ಮಕ್ಕಳಿದ್ದವರು ಅದನ್ನು ಪಟ್ಟಿಯಲ್ಲಿಟ್ಟುಕೊಳ್ಳಿ. ಅಲ್ಲಿಯೇ ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ನಡಿಗೆದಾರಿ ಇದೆ. ತದಡಿ ಮತ್ತು ಅಘನಾಶಿನಿ ಊರಿನ ನಡುವೆ ಹೊಳೆ ದಾಟಿಸುವ ಬೋಟು ಜನರನ್ನೂ ಬೈಕುಗಳನ್ನೂ ಸಾಗಿಸುತ್ತದೆ. ಬೈಕಿನಲ್ಲಿ ಹೋಗುವ ಹುಡುಗರು ಹೆದ್ದಾರಿಯ ಸುತ್ತು ತಪ್ಪಿಸಬಹುದು. ಕೊನೆಯ ಬೋಟು ಎಷ್ಟು ಗಂಟೆಗೆ ಎಂದು ದಾಟುವ ಮೊದಲೇ ಕೇಳಿಕೊಳ್ಳಿ.

5. ಭರತ-ಇಳಿತ ನೋಡಿ ದಿನವನ್ನು ಕತ್ತರಿಸಿ

ನಮ್ಮ ಕಡೆಯವರು ಪೂರ್ತಿ ಮರೆಯುವ ಹಂತ ಇದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಇದು ಭರತ; ಎರಡು ಸಲ ಇಳಿಯುತ್ತದೆ, ಅದು ಇಳಿತ. ಏರಿದ ನೀರು ಇಳಿಯಲು ಹೆಚ್ಚುಕಡಿಮೆ 6 ತಾಸು. ಇಂದಿನ ಭರತಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಎರಡೂ ಹೆಚ್ಚು, ಅಷ್ಟಮಿ-ನವಮಿಯ ಸುಮಾರಿಗೆ ಕಡಿಮೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇಷ್ಟು ನೋಡಿಕೊಳ್ಳಬಹುದು. ನಿಖರ ಹೊತ್ತಿಗೆ ಕಾರವಾರದ ಹೆಸರಿನಲ್ಲಿ ಉಬ್ಬರವಿಳಿತದ ವೇಳಾಪಟ್ಟಿ ಹುಡುಕಿ, ಎರಡು ದಿನದ ನಾಲ್ಕು ನಾಲ್ಕು ಹೊತ್ತುಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಹೊನ್ನಾವರದಲ್ಲಿ ಸ್ವಲ್ಪ ಹಿಂದುಮುಂದಾಗುತ್ತದೆ, ನಮ್ಮ ಕೆಲಸಕ್ಕೆ ಸಾಕು.

ಇದರಿಂದ ಏನು ಉಪಯೋಗ? ಬಂಡೆಗಳ ನಡುವೆ ನಡೆಯುವುದು, ಒಂದು ದಂಡೆಯಿಂದ ಪಕ್ಕದ ದಂಡೆಗೆ ನೀರಿನಂಚಿನಲ್ಲೇ ಹೋಗುವುದು, ಮಕ್ಕಳಿಗೆ ಏಡಿ-ಚಿಪ್ಪು ತೋರಿಸುವುದು: ಇವೆಲ್ಲ ಇಳಿತಕ್ಕೆ ಒಂದು ತಾಸು ಮುಂಚೆ ಶುರುವಾಗಿ, ನೀರು ತಿರುಗಿ ಏರಲು ಹತ್ತಿದ ಕೂಡಲೇ ಮುಗಿಯಬೇಕು. ಊಟ, ವಿಶ್ರಾಂತಿ, ಗುಡಿ, ಮಿರ್ಜಾನ್ ಕೋಟೆಯಂಥ ಜಾಗಗಳನ್ನು ಭರತದ ಹೊತ್ತಿಗೆ ಇಡಿ.

ನೀರು ಏರುತ್ತಿರುವ ಗುರುತು ಕಣ್ಣಿಗೇ ಕಾಣುತ್ತದೆ. ಒಣ ಮರಳಿನ ಮೇಲೆ ಚಪ್ಪಲಿ ಬಿಟ್ಟು ಹತ್ತು ನಿಮಿಷ ಕೂತು ನೋಡಿ. ತೆರೆಯ ನೊರೆ ಪ್ರತಿ ಐದಾರು ಅಲೆಗೊಮ್ಮೆ ಒಂದು ಗೇಣು ಮುಂದೆ ಬಂದು ಹಿಂದಿನ ಗೆರೆಯನ್ನು ಅಳಿಸುತ್ತದೆ, ಹಸಿ ಮರಳಿನ ಕಪ್ಪು ಪಟ್ಟಿ ನಿಮ್ಮ ಕಡೆಗೆ ಅಗಲವಾಗುತ್ತ ಬರುತ್ತದೆ. ಹಿಂದಿನ ಭರತ ಎಲ್ಲಿವರೆಗೆ ಬಂದಿತ್ತೆಂದು ತಿಳಿಯಲು ದಂಡೆಯ ಮೇಲ್ಭಾಗದಲ್ಲಿ ಒಣಹುಲ್ಲು, ಚಿಪ್ಪು, ಪ್ಲಾಸ್ಟಿಕ್ ಬಿರಡೆಗಳು ಸಾಲಾಗಿ ಬಿದ್ದ ಗೆರೆ ನೋಡಿ. ಚಾಪೆ, ಚೀಲ, ಮಲಗಿದ ಮಗು ಯಾವಾಗಲೂ ಆ ಗೆರೆಯ ಮೇಲ್ಗಡೆ ಇರಬೇಕು.

6. ಈಗ ರೂಮ್ ಬುಕ್ ಮಾಡಿ

ತುಂಡು ಗೊತ್ತಾಯಿತು, ಹೊತ್ತು ಗೊತ್ತಾಯಿತು. ಇನ್ನು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಕಾರು ನಿಲ್ಲುವ ಜಾಗದಿಂದ ರೂಮಿಗೆ ಎಷ್ಟು ನಡೆಯಬೇಕು, ಮೆಟ್ಟಿಲು ಇವೆಯೇ? ರಾತ್ರಿ ಊಟ ಮಾಡಿಕೊಡುತ್ತೀರಾ, ಎಷ್ಟು ಹೊತ್ತಿನೊಳಗೆ ಹೇಳಬೇಕು? ಕರೆಂಟ್ ಹೋದರೆ ಏನು ವ್ಯವಸ್ಥೆ? ಕುಡಿಯುವ ನೀರು ಬಾವಿಯದೋ ಕ್ಯಾನಿನದೋ?

ಸಣ್ಣ ಊರಿನ ಹೋಮ್‌ಸ್ಟೇಗಳಲ್ಲಿ ಮೀನು ಬೆಳಗ್ಗೆಯೇ ತರುತ್ತಾರೆ, ಅಡುಗೆ ಲೆಕ್ಕಕ್ಕೆ ತಕ್ಕಂತೆ. ರಾತ್ರಿ 9:30ಕ್ಕೆ ಹೋಗಿ “ಏನೈತಿ?” ಎಂದರೆ ಒಲೆ ಆರಿರುತ್ತದೆ. ಶಾಕಾಹಾರಿಗಳು ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಹೇಳಿ. ಅಲ್ಲಿ ನಮ್ಮ ಖಾನಾವಳಿ ಇರುವುದಿಲ್ಲ.

7. ಗಾಡಿ ಮತ್ತು ಸಾಮಾನು

ಹೊರಡುವ ಮೂರ್ನಾಲ್ಕು ದಿನ ಮೊದಲೇ ಗ್ಯಾರೇಜಿಗೆ ಒಯ್ಯಿರಿ, ಹಿಂದಿನ ದಿನ ಅಲ್ಲ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕೂಲಂಟ್, ವೈಪರ್, ಹೆಡ್‌ಲೈಟ್ ನೋಡಿಸಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೀವೇ ನೋಡಿ. ಜಾಕ್, ವೀಲ್ ಸ್ಪ್ಯಾನರ್ ಡಿಕ್ಕಿಯಲ್ಲಿ ನಿಜವಾಗಿ ಇವೆಯೇ ಎಂದು ಕೈಯಲ್ಲಿ ಹಿಡಿದು ಖಾತ್ರಿ ಮಾಡಿಕೊಳ್ಳಿ. ಎಳೆಯುವ ಗಟ್ಟಿ ಹಗ್ಗ, ಬ್ಯಾಟರಿ, ಗಾಳಿ ಪಂಪ್, ಕೆಂಪು ರಿಫ್ಲೆಕ್ಟರ್ ತ್ರಿಕೋನ ಜೊತೆಗಿರಲಿ. ಪೆಟ್ರೋಲ್ ಯಲ್ಲಾಪುರದಲ್ಲೇ ತುಂಬಿಸಿ, ಕಾಡಿನ ನಡುವೆ ಬಂಕ್ ನಂಬಬೇಡಿ.

ಹೆದ್ದಾರಿ 66ರಲ್ಲಿ ಹಟ್ಟಿಕೇರಿ ಮತ್ತು ಹೊಳೆಗದ್ದೆಯಲ್ಲಿ ಟೋಲ್ ಇವೆ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಹಾಕಿಕೊಂಡು ಹೋಗಿ. ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ, ಹತ್ತು-ಇಪ್ಪತ್ತು-ಐವತ್ತರ ನೋಟು ಇಟ್ಟುಕೊಳ್ಳಿ.

ಬುತ್ತಿ ಕಟ್ಟುವವರಿಗೆ ಒಂದು ಮಾತು. ಖಡಕ್ ರೊಟ್ಟಿ ನಮ್ಮ ಹವೆಯಲ್ಲಿ ವಾರಗಟ್ಟಲೆ ಇರುತ್ತದೆ. ಕಡಲ ಗಾಳಿಯಲ್ಲಿ ಬಟ್ಟೆಯ ಗಂಟು ಬಿಚ್ಚಿಟ್ಟರೆ ಸಂಜೆಯೊಳಗೆ ಅಂಚು ಬಾಗುವಷ್ಟು ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬೇಕಾದಷ್ಟೇ ತೆಗೆದು ಮುಚ್ಚಿ. ಶೇಂಗಾ ಚಟ್ನಿಗೂ ಒದ್ದೆ ಚಮಚ ತಾಗಿಸಬೇಡಿ. ಬೆಳಗಿನ ತಿಂಡಿಯನ್ನು ಯಲ್ಲಾಪುರದಲ್ಲಿ ಅರ್ಧ ಹೊಟ್ಟೆಗೆ ಮುಗಿಸಿ. ಗಿರಮಿಟ್, ಮಿರ್ಚಿ ತಿಂದು ಘಟ್ಟ ಇಳಿದರೆ ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಖಂಡಿತ. ತಿರುವುಗಳು ಮುಗಿಯುವ ತನಕ ಅವರ ಕೈಗೆ ಮೊಬೈಲ್ ಕೊಡಬೇಡಿ.

ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಚೀಟಿ ಅಂಟಿಸಿ: ತುರ್ತಿಗೆ 112, ಆಂಬ್ಯುಲೆನ್ಸ್ 108, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ಹೃದಯದ ತೊಂದರೆ, ಡಯಾಲಿಸಿಸ್‌ನಂಥ ಅವಶ್ಯಕತೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಉತ್ತರ ಕನ್ನಡದ ಜನರೇ ಗಂಭೀರ ಪ್ರಕರಣಗಳಿಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಓಡಬೇಕಾದ ಸ್ಥಿತಿ ಇದೆ. ಅವರು ದೊಡ್ಡ ಆಸ್ಪತ್ರೆಗಾಗಿ ವರ್ಷಗಳಿಂದ ಕೇಳುತ್ತಲೇ ಇದ್ದಾರೆ.

8. ಘಟ್ಟ ಇಳಿಯುವ ವಿಧಾನ

ನೆಟ್ಟಗಿನ ರಸ್ತೆಯಲ್ಲಿ ಗಾಡಿ ಹೊಡೆದು ರೂಢಿಯಾದವರ ಕಾಲು ಬ್ರೇಕಿನ ಮೇಲೇ ಇರುತ್ತದೆ. ಘಟ್ಟದಲ್ಲಿ ಅದೇ ಅಪಾಯ. ಒಂದೇ ಸಮ ಬ್ರೇಕ್ ಒತ್ತಿ ಹಿಡಿದರೆ ಪ್ಯಾಡ್ ಕಾದು ಹಿಡಿತ ಹೋಗುತ್ತದೆ.

ಯಾವ ಗೇರಿನಲ್ಲಿ ಆ ಏರನ್ನು ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರಿನಲ್ಲಿ ಎರಡನೆಯದು ಅಥವಾ ಮೂರನೆಯದು. ಇಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಆಟೊಮ್ಯಾಟಿಕ್ ಗಾಡಿಯಾದರೆ ಮ್ಯಾನುಯಲ್ ಇಲ್ಲವೆ ಕೆಳ ಗೇರಿನ ಮೋಡಿಗೆ ಹಾಕಿ. ಅದು ಹೇಗೆಂದು ಊರಲ್ಲೇ ಕಲಿತು ಹೋಗಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಇಂಜಿನ್ ಬಂದ್ ಮಾಡುವುದು ಜೀವಕ್ಕೆ ಮುಳುವು. ಇಂಜಿನ್ ನಿಂತರೆ ಬ್ರೇಕೂ ಗಟ್ಟಿ, ಸ್ಟೀರಿಂಗೂ ಗಟ್ಟಿ.

ಎಚ್ಚರಿಕೆಯ ಗುರುತುಗಳು ಮೂರು: ಸುಟ್ಟ ವಾಸನೆ, ಬ್ರೇಕ್ ಪೆಡಲ್ ಮೊದಲಿಗಿಂತ ಆಳಕ್ಕೆ ಇಳಿಯುವುದು, ಒತ್ತಿದಾಗ ಗಾಡಿ ನಡುಗುವುದು. ಯಾವುದು ಕಂಡರೂ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ತಾಸು ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ. ಮರಳಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ಎ.ಸಿ. ಬಂದ್ ಮಾಡಿ, ಆಮೇಲೆ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ತಿರುವಿನಲ್ಲಿ ಓವರ್‌ಟೇಕ್ ಬೇಡ. ಹತ್ತುವ ಲಾರಿಗೆ ತಿರುಗಲು ಇಡೀ ರಸ್ತೆ ಬೇಕಾಗುತ್ತದೆ, ತಿರುವಿಗೆ ಮುಂಚೆಯೇ ನಿಂತು ದಾರಿ ಕೊಡಿ. ದಾರಿ ಕೊಡುವಾಗ ಡಾಂಬರಿನ ಅಂಚು ಬಿಟ್ಟು ಮಣ್ಣಿಗೆ ಗಾಲಿ ಇಳಿಸಬೇಡಿ. ಕಂದಕದ ಕಡೆಯ ಮಣ್ಣು ಸಡಿಲವಿರುತ್ತದೆ. ಮಂಗಗಳಿಗೆ ತಿನ್ನಲು ಎಸೆಯಬೇಡಿ, ಅದಕ್ಕಾಗಿಯೇ ಅವು ರಸ್ತೆಗೆ ಬಂದು ಗಾಡಿಗೆ ಸಿಗುತ್ತವೆ.

9. ಕೊನೆಯ ಎರಡು ಕಿಲೋಮೀಟರ್

ಹೆದ್ದಾರಿ ಬಿಟ್ಟು ದಂಡೆಯ ಊರಿಗೆ ಇಳಿಯುವ ದಾರಿ ಮನೆಗಳ ಬೇಲಿಯ ನಡುವೆ ಹಾದುಹೋಗುತ್ತದೆ. ಎದುರಿನಿಂದ ರಿಕ್ಷಾ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಡಾಂಬರು ಮುಗಿಯುವ ಮೊದಲೇ ಅಗಲ ಜಾಗ ಕಂಡಲ್ಲಿ, ಕೇಳಿ, ಗಾಡಿ ನಿಲ್ಲಿಸಿ ನಡೆದು ಹೋಗಿ. ಅವರ ಅಂಗಳ, ಬಲೆ ಒಣಗಿಸುವ ಜಾಗ, ದೋಣಿ ಎಳೆಯುವ ದಾರಿ ಇವೆಲ್ಲ ನಮಗೆ ಖಾಲಿ ಜಾಗದ ಹಾಗೆ ಕಾಣುತ್ತವೆ, ಅವರಿಗೆ ಅದು ಕೆಲಸದ ಜಾಗ.

ಮರಳಿಗೆ ಕಾರು ಇಳಿಸಲೇಬೇಡಿ. ಗಟ್ಟಿ ಕಾಣುವ ಹಸಿ ಮರಳು ಗಾಲಿ ನಿಂತ ಕೂಡಲೇ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಭರತ ಶುರುವಾದರೆ ಉಪ್ಪುನೀರು ಇಂಜಿನ್ನಿಗೆ. ಇನ್ನೂ ಒಂದು ಕಾರಣವಿದೆ. ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರದ ಕಾಸರಕೋಡ ಟೊಂಕದಂಥ ದಂಡೆಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮರಳು ತೋಡಿ ಮೊಟ್ಟೆ ಇಡುತ್ತವೆ. ಗಾಲಿಯ ಭಾರಕ್ಕೆ ಗೂಡು ಕುಸಿಯುತ್ತದೆ. ರಾತ್ರಿ ದಂಡೆಯ ಮೇಲೆ ಜೋರು ಬೆಳಕು, ಬೆಂಕಿ ಹಚ್ಚುವುದೂ ಬೇಡ. ಮರಿಗಳು ಬೆಳಕಿನ ಕಡೆ ತಿರುಗಿ ಸಮುದ್ರದ ದಾರಿ ತಪ್ಪುತ್ತವೆ.

ಆದರೂ ಗಾಲಿ ಹೂತಿತೆಂದರೆ ಆಕ್ಸಿಲರೇಟರ್ ತುಳಿಯುತ್ತ ಹೋಗಬೇಡಿ, ಇನ್ನಷ್ಟು ಇಳಿಯುತ್ತದೆ. ಎಲ್ಲರೂ ಇಳಿದು, ಗಾಲಿಯ ಮುಂದಿನ ಮರಳು ತೋಡಿ, ಟೈರಿನ ಗಾಳಿ ಅರ್ಧದಷ್ಟು ಇಳಿಸಿ, ಹಲಗೆ ಇಲ್ಲವೆ ಗಾಡಿಯ ಮ್ಯಾಟ್ ಹಾಸಿ, ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದೆ ತೆಗೆಯಿರಿ. ಡಾಂಬರಿಗೆ ಬಂದ ಕೂಡಲೇ ಗಾಳಿ ಮತ್ತೆ ತುಂಬಿ.

10. ನೀರಿಗೆ ಇಳಿಯುವ ಮೊದಲು

ಬಾವಿಯಲ್ಲಿ, ಕೆರೆಯಲ್ಲಿ, ಮಲಪ್ರಭಾ ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಲೆಕ್ಕಕ್ಕಿಲ್ಲ. ನಿಂತ ನೀರಿನ ಈಜುಗಾರನನ್ನು ಸಮುದ್ರ ಮುಳುಗಿಸುವುದು ಅಲೆಯಿಂದಲ್ಲ, ಸೆಳೆತದಿಂದ. ದಡಕ್ಕೆ ಬಂದ ನೀರೆಲ್ಲ ಒಂದು ಕಿರಿದಾದ ಹಾದಿ ಹಿಡಿದು ರಭಸದಿಂದ ಒಳಕ್ಕೆ ಮರಳುತ್ತದೆ. ಅದು ಗುರುತಿಸಬೇಕಾದ ರೀತಿ ಹೀಗೆ: ಎರಡೂ ಪಕ್ಕ ಅಲೆ ಒಡೆದು ಬಿಳಿ ನೊರೆ ಬರುತ್ತಿದ್ದರೆ, ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಕಪ್ಪಾಗಿ ಇಲ್ಲವೆ ಮರಳು ಕಲಕಿ ಕೆಂಪಾಗಿ ಕಾಣುತ್ತದೆ, ನೊರೆ, ಕಸ ಒಳಗಡೆಗೆ ತೇಲಿಹೋಗುತ್ತಿರುತ್ತದೆ. ಮೋಸವೆಂದರೆ, ಅಲೆ ಇಲ್ಲದ್ದರಿಂದ ಅದೇ ಶಾಂತ ಜಾಗ ಎಂದುಕೊಂಡು ಮಕ್ಕಳನ್ನು ಅಲ್ಲಿಗೇ ಇಳಿಸುತ್ತೇವೆ.

ಮುರ್ಡೇಶ್ವರದ ದಂಡೆಯಲ್ಲಿ 2024ರ ಡಿಸೆಂಬರ್ 10ರಂದು ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲವಲ್ಲ, ನಾವೆಲ್ಲ “ಒಳ್ಳೆ ಸೀಜನ್” ಅನ್ನುವ ತಿಂಗಳು ಅದು.

ಆದ್ದರಿಂದ: ಕಾವಲುಗಾರರಿಲ್ಲದ ಒಳ ದಂಡೆಗಳಲ್ಲಿ ಮೊಣಕಾಲು ದಾಟಿ ಇಳಿಯಬೇಡಿ. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅಷ್ಟೂ ಬೇಡ. ಇಳಿಯುವ ಮೊದಲು ಬಲೆ ಸರಿಮಾಡುತ್ತ ಕೂತವರನ್ನು ಕೇಳಿ, “ಅಣ್ಣಾ, ಇಲ್ಲಿ ಇಳಿಬಹುದಾ?” ಅವರು ತಲೆ ಅಲ್ಲಾಡಿಸಿದರೆ ಮಾತು ಅಲ್ಲಿಗೆ ಮುಗಿಯಿತು. ಮಕ್ಕಳಿಗೆ ಒಬ್ಬರಿಗೊಬ್ಬ ದೊಡ್ಡವರು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಕುಡಿದವರು ನೀರಿಗೆ ಹೋಗಬಾರದು. ಸೀರೆ, ಜೀನ್ಸ್ ನೆನೆದರೆ ಕಾಲು ಕಟ್ಟಿಹಾಕುತ್ತವೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರೀಜಬೇಡಿ. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ; ಪಟ್ಟಿಯಿಂದ ಹೊರಬಂದ ಮೇಲೆ ಅಲೆಯೊಂದಿಗೆ ದಡಕ್ಕೆ ಬನ್ನಿ. ಇನ್ನೊಬ್ಬರು ಸಿಕ್ಕಿಬಿದ್ದರೆ ಹಿಂದೆ ಹಾರಬೇಡಿ. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನು, ಟ್ಯೂಬು, ಹಗ್ಗ, ತೇಲುವುದು ಏನಿದ್ದರೂ ಎಸೆಯಿರಿ, ಕೂಗಿ ದೋಣಿಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಸೆಳೆತದಲ್ಲಿ ಸಿಕ್ಕವರನ್ನು ಉಳಿಸಲು ಹೋದವರೇ ಮುಳುಗಿದ ಸಂಗತಿ ಈ ದಂಡೆಗಳಲ್ಲಿ ಮೇಲಿಂದ ಮೇಲೆ ಆಗಿದೆ.

11. ಯಾವಾಗ ರದ್ದು ಮಾಡಬೇಕು

ಇದನ್ನು ಹೊರಡುವ ಮೊದಲೇ ಮನೆಯವರೆಲ್ಲ ಕೂತು ಒಪ್ಪಿಕೊಳ್ಳಿ. ಅರ್ಧ ದಾರಿಯಲ್ಲಿ ವಾದಕ್ಕೆ ಕೂತರೆ “ಇಷ್ಟು ದೂರ ಬಂದೀವಿ” ಎಂಬ ಮಾತೇ ಗೆಲ್ಲುತ್ತದೆ. ಹವಾಮಾನ ಇಲಾಖೆ ಉತ್ತರ ಕನ್ನಡಕ್ಕೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟಿದ್ದರೆ ಹೋಗಬೇಡಿ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೂ ಅಷ್ಟೇ, ಅಕ್ಟೋಬರ್-ನವೆಂಬರಿನಲ್ಲೂ ಬರುತ್ತದೆ.

ಅಂಕೋಲಾದಲ್ಲಿ ಬಿಸಿಲಿದೆ ಎಂಬುದು ಸಾಕಾಗುವುದಿಲ್ಲ. ಅಲ್ಲಿಯ ಗಂಗಾವಳಿ ನಮ್ಮದೇ ನೀರು. ಧಾರವಾಡದ ಶಾಲ್ಮಲೆ, ಹುಬ್ಬಳ್ಳಿ ಕಡೆಯ ಹಳ್ಳ ಕಲಘಟಗಿಯ ಬಳಿ ಕೂಡಿ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗುಳ್ಳಾಪುರದಿಂದ ಕೆಳಗೆ ಹೆದ್ದಾರಿಯ ಮಗ್ಗುಲಲ್ಲೇ ಹರಿಯುತ್ತದೆ. ಮೇಲೆ ನಮ್ಮಲ್ಲಿ, ಯಲ್ಲಾಪುರದಲ್ಲಿ ಎರಡು ದಿನ ಜಡಿಮಳೆಯಾದರೆ ಕೆಳಗಿನ ರಸ್ತೆಯ ಪಕ್ಕ ಹೊಳೆ ಉಕ್ಕುತ್ತದೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ರಸ್ತೆ ಕುಸಿದು ಸಂಚಾರವೇ ನಿಂತಿತ್ತು.

ಗುಡ್ಡ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಕುಸಿದಾಗ ರಸ್ತೆ ಬದಿಯ ಚಹಾದಂಗಡಿಯೇ ಮಣ್ಣಿನಡಿ ಹೋಯಿತು, ಅಲ್ಲಿ ನಿಂತಿದ್ದ ಗಾಡಿಗಳು ಗಂಗಾವಳಿಗೆ ಬಿದ್ದವು. ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೂ, ಫೋಟೋಕ್ಕೂ ನಿಲ್ಲಬೇಡಿ. ರಸ್ತೆಗೆ ಸಣ್ಣ ಕಲ್ಲು ಉರುಳುವುದು, ತಿಳಿಯಾಗಿದ್ದ ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಮರ-ಕಂಬ ಓರೆಯಾಗುವುದು, ಡಾಂಬರಿನಲ್ಲಿ ಉದ್ದ ಬಿರುಕು: ಇವು ಕಂಡರೆ ಮುಂದೆ ಹೋಗದೆ ಹಿಂದಕ್ಕೆ ತಿರುಗಿಸಿ, ಹಿಂದಿನ ಊರಿನಲ್ಲಿ ನಿಂತು 112ಕ್ಕೆ ತಿಳಿಸಿ. ಸುದ್ದಿ ಓದುವಾಗ ಗಮನವಿರಲಿ, ಇದೇ ಹೆದ್ದಾರಿಯಲ್ಲಿ ಭಟ್ಕಳ ದಾಟಿದ ಮೇಲೆ ಬೈಂದೂರು ಕಡೆಗೆ ಇನ್ನೊಂದು ಶಿರೂರು ಇದೆ. ಯಾವ ಶಿರೂರಿನಲ್ಲಿ ರಸ್ತೆ ಬಂದ್ ಎಂದು ಸರಿಯಾಗಿ ನೋಡಿ.

ರವಿವಾರ ಮಧ್ಯಾಹ್ನ 3ರ ಗಡುವು ಯಾವ ಕಾರಣಕ್ಕಾದರೂ ತಪ್ಪಿ 5 ಆಯಿತೆನ್ನಿ. ಆಗ ಘಟ್ಟ ಹತ್ತಬೇಡಿ. ಅಂಕೋಲಾ ಇಲ್ಲವೆ ಕುಮಟಾದಲ್ಲಿ ರೂಮ್ ಹಿಡಿದು ಮಲಗಿ, ಸೋಮವಾರ ಬೆಳಕು ಹರಿದ ಮೇಲೆ 6:45ಕ್ಕೆ ಹೊರಡಿ. ಅಂಕೋಲಾದಿಂದಾದರೆ 10:30ರೊಳಗೆ ಹುಬ್ಬಳ್ಳಿ. ಅರ್ಧ ದಿನದ ರಜೆಯ ಅರ್ಜಿಗೆ ಬೇಕಾಗುವ ಆ ಒಂದು ಫೋನನ್ನು ರವಿವಾರ ಸಂಜೆಯೇ ಮಾಡಿಬಿಡಿ.

12. ಮನೆಗೆ ಬಂದ ಮೇಲೆ

ಮರುದಿನವೇ ಗಾಡಿಯ ತಳಭಾಗವನ್ನು ಸಿಹಿನೀರಿನ ಜೋರು ಪೈಪಿನಲ್ಲಿ ತೊಳೆಸಿ. ಮೇಲಿನ ಧೂಳು ಒಂದು ವಾರ ಇದ್ದರೂ ನಡೆಯುತ್ತದೆ, ಅಡಿಗೆ ಹತ್ತಿದ ಉಪ್ಪು ಮರಳು ತುಕ್ಕು ಹಿಡಿಸುತ್ತದೆ. ಬೈಕಾದರೆ ಚೈನ್ ತೊಳೆದು ಒಣಗಿಸಿ ಎಣ್ಣೆ ಹಾಕಿ. ಘಟ್ಟದಲ್ಲಿ ಬ್ರೇಕ್ ವಾಸನೆ ಬಂದಿದ್ದರೆ ಈಗ ಸರಿಯಾಗಿದೆ ಎನಿಸಿದರೂ ಪ್ಯಾಡ್ ಮತ್ತು ಬ್ರೇಕ್ ಆಯಿಲ್ ಇನ್ನೊಮ್ಮೆ ತೋರಿಸಿ.